ತೊಂಬತ್ತರಲ್ಲೇ ನಿಂತ ಪಂಪ್‌ಹೌಸ್

ಶೇಕಡಾ ಲೆಕ್ಕ ಕಲಿಸುವ ಮೊದಲೇ ಶಾಲೆ ಬಿಟ್ಟವನು ನಾನು. ಆಮೇಲೆ ಲಾರಿ, ಲಾಡ್ಜು, ಕೇಬಲ್ ಎಳೆಯೋದು ಅಂತ ಊರೂರು ಸುತ್ತಿದೆ. ಎಲ್ಲೂ ಕೆಲಸ ಮುಗಿಯುವವರೆಗೆ ನಿಂತವನಲ್ಲ. ಅಂಥವನಿಗೆ ಚೆನ್ನೈಯಲ್ಲಿ ಸಿಕ್ಕಿದ್ದು, ಬೇರೆಯವರ ಕೆಲಸ ಎಷ್ಟು ಪರ್ಸೆಂಟ್ ಮುಗಿಯಿತು ಅಂತ ಬರೆದಿಡುವ ಕೆಲಸ! ನನಗೆ ಇಂಥವು ಹುಡುಕಿಕೊಂಡೇ ಬರುತ್ತವೆ.

ಮಳೆನೀರು ಎತ್ತಿ ಹೊರಹಾಕುವ ಪಂಪ್‌ಹೌಸ್ ಅದು. ಪಂಪು, ಸೆನ್ಸರು, ಕಂಪ್ಯೂಟರು, ಗಂಟೆ ಎಲ್ಲ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಎಂಜಿನಿಯರ್ ಮೇಡಂ ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದ ಮನೆಯವರು, ಮಾತಿನ ನಡುವೆ ತಮಿಳು ನುಸುಳುತ್ತಿತ್ತು. ಗೋಡೆಯ ಮೇಲೆ ದೊಡ್ಡ ಚಾರ್ಟು: ಮುಗಿದದ್ದಕ್ಕೆ ಹಸಿರು ಚೌಕ, ಉಳಿದದ್ದಕ್ಕೆ ಕೆಂಪು. ಕೆಳಗೆ ಸಹಿ ಮೇಡಂದು. ಮಳೆಗಾಲಕ್ಕೆ ಮೊದಲು ಎಲ್ಲ ಹಸಿರಾದರೆ ಮುಂದಿನ ದೊಡ್ಡ ಪ್ರಾಜೆಕ್ಟು ಅವರ ಕೈಗೆ. ಏನಾದರೂ ಕೈಕೊಟ್ಟರೆ ತಲೆದಂಡವೂ ಅವರದೇ.

"ನನ್ನನ್ನೇ ಯಾಕೆ ಮೇಡಂ ಇಟ್ಕೊಂಡ್ರಿ?" ಅಂತ ಒಮ್ಮೆ ಕೇಳಿದ್ದೆ.

"ಓದಿದವರು ಪರ್ಸೆಂಟ್ ಹೇಳಿ ಏಮಾರಿಸಿಬಿಡ್ತಾರೆ ರೀ. ನಿಮಗೆ ಅದು ತೆರಿಯಾದು, ಗೊತ್ತೇ ಇಲ್ಲ. ಕಣ್ಣಲ್ಲಿ ನೋಡಿದ್ದು ಹೇಳ್ತೀರಿ. ನನಗೆ ಅಷ್ಟು ಪೋದುಂ."

ಎರಡು ಬಗೆಯ ತೊಂಬತ್ತು

ಪಂಪು ಕೂರಿಸುವ ಫಿಟ್ಟರ್ ಅಣ್ಣನನ್ನು ಸೋಮವಾರ ಕೇಳಿದೆ, ಎಷ್ಟಾಯ್ತು ಅಂತ. "ತೊಂಬತ್ತು." ಮುಂದಿನ ಸೋಮವಾರವೂ "ತೊಂಬತ್ತು." ಮೂರನೆಯ ಸೋಮವಾರ ಟೀ ಲೋಟ ಕೆಳಗಿಡದೆಯೇ, "ತೊಂಬತ್ತು ತಂಬಿ."

"ಏನಣ್ಣ ಇದು, ಮೂರು ವಾರದಿಂದ ಅದೇ ಹಾಡು?"

ಅವನಿಗೆ ಸಿಟ್ಟು ಬಂತು. "ಅದೇ ಹಾಡಾ? ಅದು ಅಂದಾಜು ತೊಂಬತ್ತು. ಇದು ನಿಜವಾದ ತೊಂಬತ್ತು!"

ಒಂದು ಐಟಂ ಬಿಟ್ಟು

ಅಂದಾಜು ಬೇಡ, ಮುಗಿದ ಕೆಲಸ ಎಣಿಸಿ ಅಂದರು ಮೇಡಂ. ಜನ ಕೆಲಸವನ್ನೇ ಚೂರು ಮಾಡಿದರು. ಸ್ವಿಚ್ಚುಗಳಿಗೆ ಚೀಟಿ ಅಂಟಿಸುವುದು ಅಂತ ಒಂದು ಸಾಲಿದ್ದದ್ದು, ಚೀಟಿಗೊಂದು ಸಾಲಾಯಿತು. ಎರಡೇ ದಿನದಲ್ಲಿ ಚಾರ್ಟು ಬಾಳೆತೋಟದ ಹಾಗೆ ಹಸಿರು. ಅದನ್ನು ನೋಡಿ ಖುಷಿಯಾದ ದೊಡ್ಡ ಅಧಿಕಾರಿಯೊಬ್ಬರು ಬಂದರು.

"ಸೂಪರ್! ಎಲ್ಲಿ, ಸ್ವಲ್ಪ ನೀರು ಎತ್ತಿ ತೋರಿಸಿ."

ಫಿಟ್ಟರ್ ಅಣ್ಣ ಕೈಮುಗಿದ. "ಸಾರ್, ನೀರು ಎತ್ತೋದು ಪಟ್ಟಿಯಲ್ಲಿ ಒಂದೇ ಐಟಂ. ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ."

ತಂಗಿಯ ಮದುವೆ

ವಾರವಾರ ಎಷ್ಟು ದೋಷ ಸಿಕ್ಕಿತು ಅನ್ನುವುದನ್ನೂ ಬರೆಯಬೇಕಿತ್ತು. ದೋಷ ಹುಡುಕುವ ಟೆಸ್ಟರು ತಂಗಿಯ ಮದುವೆಗೆ ರಜೆ ಹಾಕಿದ. ಆ ವಾರ ದೋಷ ಸೊನ್ನೆ. ಹೆಡ್ ಆಫೀಸಿನಿಂದ ಎರಡು ಡಬ್ಬ ಮೈಸೂರುಪಾಕು ಬಂತು, ಜೊತೆಗೊಂದು ಪ್ರಶ್ನೆ: ಈ ಸುಧಾರಣೆಗೆ ಕಾರಣರಾದವರು ಯಾರು? ವಧು ಅಂತ ಬರೆಯೋಣವಾ ಅಂತ ಮೇಡಮ್ಮನ್ನೇ ಕೇಳಿದೆ.

ಗಂಟೆ

ಮಳೆಗಾಲ ಹತ್ತಿರ ಬಂದಾಗ ಉಳಿದದ್ದು ಒಂದೇ ಕೆಂಪು ಚೌಕ. ಪಂಪಿನ ಕೆಳಗಿನ ಗುಂಡಿಯಲ್ಲಿ ನೀರು ಏರಿದರೆ ಪ್ಲಾಸ್ಟಿಕ್ ಬುರುಡೆಯೊಂದು ತೇಲಿ ಮೇಲೆದ್ದು ಗಂಟೆ ಹೊಡೆಯಬೇಕು. ಬಕೆಟ್ಟಿನಲ್ಲಿ ನೀರು ಸುರಿದು, ಗಂಟೆಯನ್ನು ಕಿವಿಯಾರೆ ಕೇಳಿದ ಮೇಲೇ ಹಸಿರು ಬಳಿಯಬೇಕು. ಅದು ಮೇಡಂ ಮಾಡಿದ ನಿಯಮ. ಆ ಚೌಕದ ಮುಂದೆ ನನ್ನ ಹೆಸರು ಬರೆದಿದ್ದರು. ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ನನ್ನ ಹೆಸರನ್ನು ಯಾರೂ ಎಲ್ಲೂ ಬರೆದಿದ್ದಿಲ್ಲ.

ಅಷ್ಟರಲ್ಲಿ ಊರು ಬಿಡೋಕೆ ನನ್ನ ಕಾಲು ತುರಿಸತೊಡಗಿತ್ತು. ತ್ರಿಪ್ಲಿಕೇನಿನ ರೂಮು ಖಾಲಿ ಮಾಡಿ, ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದಿದ್ದೆ. ಕೋಯಂಬೇಡಿನಿಂದ ಮಧ್ಯಾಹ್ನ ಬಸ್ಸು. ಗುಂಡಿಗೆ ಬಗ್ಗಿ ನೋಡಿದೆ: ಗಂಟೆ ಇತ್ತು, ವೈರು ಇತ್ತು, ಬುರುಡೆ ಇತ್ತು. ನಲವತ್ತು ಬಕೆಟ್ ನೀರು ಹೊರುವ ತಾಳ್ಮೆಯೊಂದು ಇರಲಿಲ್ಲ. ಹಸಿರು ಬಳಿದೆ.

ಮೇಡಂ ಸಹಿ ಹಾಕಿದರು. "ನೀವು ನೋಡಿದ್ದೀರಲ್ಲ, ನಾನು ತಿರುಗಿ ನೋಡಲ್ಲ" ಅಂದರು. ಬಸ್ಸು ಹತ್ತಿದ ಮೇಲೂ ಆ ಮಾತು ಬಿಡಲಿಲ್ಲ. ಇಳಿದು ವಾಪಸ್ ಹೋಗಬಹುದಿತ್ತು. ಇಳಿಯಲಿಲ್ಲ.

ಮೊದಲ ಜೋರು ಮಳೆಗೇ ಕಸ ಸಿಕ್ಕಿ ಪಂಪು ನಿಂತಿತು. ಗಂಟೆ ಹೊಡೆದಿದ್ದರೆ ಯಾರಾದರೂ ಓಡಿ ಬಂದು ಕಸ ತೆಗೆಯುತ್ತಿದ್ದರು. ಹೊಡೆಯಲಿಲ್ಲ. ಬೀದಿಯ ನೀರು ಎತ್ತಬೇಕಾದ ಪಂಪ್‌ಹೌಸೇ ಸೊಂಟದವರೆಗೆ ಮುಳುಗಿತು. ಫಿಟ್ಟರ್ ಅಣ್ಣ ಫೋನ್ ಮಾಡಿದ, ಹೋದೆ. ನೀರು ಇಳಿದಿತ್ತು. ಬುರುಡೆ ಅಲ್ಲಾಡದಂತೆ ಫ್ಯಾಕ್ಟರಿಯವರು ಸಾಗಾಟಕ್ಕೆ ಅಂತ ಬಿಗಿದಿದ್ದ ಪ್ಲಾಸ್ಟಿಕ್ ದಾರ ಹಾಗೇ ಇತ್ತು. ನಲವತ್ತು ಬಕೆಟ್ ಸುರಿದಿದ್ದರೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತು.

ದೊಡ್ಡ ಪ್ರಾಜೆಕ್ಟು ಬೇರೆ ಯಾರಿಗೋ ಹೋಗಿತ್ತು. ಮೇಡಂ ತಮ್ಮ ಸಾಮಾನು ಡಬ್ಬಕ್ಕೆ ತುಂಬುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೋಡಿದ್ರಿ ತಾನೇ ಅವತ್ತು?" ಅಂತಷ್ಟೇ ಕೇಳಿದರು.

ಇಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. "ನೋಡಿದ್ದೆ ಮೇಡಂ... ಒಂದು ತೊಂಬತ್ತು ಪರ್ಸೆಂಟು."

ಹಿಂದಿನಿಂದ ಫಿಟ್ಟರ್ ಅಣ್ಣ, "ಅಂದಾಜಾ ತಂಬಿ, ನಿಜವಾದದ್ದಾ?" ಅಂದ.

ಮೇಡಂ ಕೈಯಲ್ಲಿದ್ದ ಚಾರ್ಟು ಕೆಳಗೆ ಬಿತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದು ನಗುವಿನದೇ ನೀರು ಅಂತ ನಾನು ಇವತ್ತಿಗೂ ಅಂದುಕೊಂಡಿದ್ದೇನೆ.

"ಅಡ ಪಾವಿ! ನಿಮಗೂ ಪರ್ಸೆಂಟ್ ಬಂದುಬಿಡ್ತಲ್ಲಾ ರೀ!"