ಸೀತಾಳೆ ದಂಡೆಗೆ ನಡೆದ ಉಪಚಾರ

ಎದುರಿಗೆ ಬಂದವರಿಗೆ ಏನೂ ಬಡಿಸದೆ ಸುಮ್ಮನೆ ಕೂರುವ ವಿದ್ಯೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಉಂಡೇ ಬಂದಿದ್ದೇವೆಂದು ಬೀಗರು ಆಣೆ ಹಾಕಿದರೂ ಅವರ ತಾಟಿಗೆ ಇನ್ನೊಂದು ರೊಟ್ಟಿ ಬಿದ್ದೇ ಬೀಳುತ್ತದೆ. ಬೇಡ ಎಂದಷ್ಟೂ ನಮಗೆ ಹುರುಪು. ಮನುಷ್ಯರಾದರೆ ಹೇಗೋ ಅರಗಿಸಿಕೊಳ್ಳುತ್ತಾರೆ. ಬಾಯಿಲ್ಲದ ಗಿಡದ ಪಾಡೇನು ಎಂಬುದು ನನಗೆ ತಿಳಿದದ್ದು ಹಾನಗಲ್ಲಿನ ನಮ್ಮ ಮನೆಗೆ ಸೀತಾಳೆ ದಂಡೆ ಬಂದ ವರ್ಷ.

ಅದನ್ನು ತಂದವರು ನಮ್ಮ ಯಜಮಾನರ ಅಕ್ಕ. ಹಿರೇಕೆರೂರಿನ ಅವರ ಹಿತ್ತಲ ಮಾವಿನ ಮರದ ಮೇಲೆ ಈ ಗಿಡ ತಾನಾಗಿ ಬೆಳೆದಿತ್ತು. ಆರ್ಕಿಡ್ ಎಂದು ಓದಿದವರು ಹೇಳುವುದು ಇದರ ಜಾತಿಗೇ ಅಂತೆ. ಮಣ್ಣು ಬೇಡ, ಕುಂಡ ಬೇಡ, ಮರದ ತುಂಡಿಗೆ ಕಟ್ಟಿ ತೂಗುಹಾಕಿದರೆ ಸಾಕು. ಹೂವು ಮಾತ್ರ ಯಾರೋ ಕಟ್ಟಿಟ್ಟ ದಂಡೆಯ ಹಾಗೆಯೇ ಇಳಿಬೀಳುತ್ತದೆ. ಅಕ್ಕ ಅದನ್ನು ಹಿತ್ತಲ ಬಾಗಿಲ ಮೇಲಿನ ಜಂತಿಗೆ ತಾವೇ ಕಟ್ಟಿ, "ಶಾಂತಾ, ಮಿರಗದ ಮಳಿಗೆ ಹೂ ಬಿಡ್ತೈತಿ. ಆಗ ನಾನ ಬರ್ತೇನಿ, ದೇವಿಗೆ ಏರಸೂಣು. ಅಷ್ಟರಾಗ ಒಣಗಿಸಿದಿ ಅಂದ್ರ ನನ್ನ ಮಾತಾಡಿಸಬ್ಯಾಡ ನೋಡು" ಎಂದು ಬಸ್ಸು ಹತ್ತಿದರು. ಅಕ್ಕ ಹೇಳಿದ್ದನ್ನು ಮಾಡುವವರು. ಒಂದು ಸಲ ಉಪ್ಪಿನಕಾಯಿ ಕೆಡಿಸಿದ್ದಕ್ಕೆ ತಮ್ಮ ನೆಗೆಣ್ಣಿಯೊಡನೆ ಎರಡು ದೀಪಾವಳಿ ಮಾತು ಬಿಟ್ಟವರು. ನಾನು ಕೂಡಲೇ ದೇವರ ಜಗಲಿಯ ಮುಂದೆ ನಿಂತು, ಮೊದಲ ದಂಡೆ ನಿನಗೇ ತಾಯಿ ಎಂದು ದೇವಿಯನ್ನು ಬೇಡಿಕೊಂಡೆ.

ಇನ್ನು ಉಪಚಾರ. ದೇವರ ಅಭಿಷೇಕದ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕಲ್ಲವೇ? ತುಳಸಿಯ ಬುಡ ಮೊದಲೇ ಕೆಸರಾಗಿತ್ತು. ಗಾಳಿಯಲ್ಲಿ ತೂಗುವ ಗಿಡವನ್ನು ಯಾರು ತುಳಿದಾರು? ದಿನಾ ಸ್ಟೂಲು ಹತ್ತಿ ಅದಕ್ಕೇ ಹಾಕಿದೆ. ಶುಕ್ರವಾರ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲ ಕೂಡಿದ ಪಂಚಾಮೃತದ ನೀರು. ಎರಡನೆಯ ದಿನವೇ ಅತ್ತೆಯವರು ಹೊಸ್ತಿಲಲ್ಲಿ ಜಾರಿ, ಬಾಗಿಲು ಹಿಡಿದುಕೊಂಡು, "ಅಯ್ಯ ಇವಳ! ತೀರ್ಥ ಎಲ್ಲಾ ಕಾಲಾಗ ಸುರಿಯಾಕತ್ತೈತಲ್ಲ, ಮನಿಮಂದಿ ಎಲ್ಲಾ ತುಳದು ಪಾಪ ಕಟ್ಟಿಕೊಳ್ಳೂದು?" ಎಂದರು. ಹೌದಲ್ಲ ಎನಿಸಿ ಕೆಳಗೊಂದು ಪರಾತ ಇಟ್ಟೆ. ಪರಾತದಲ್ಲಿ ಇಳಿದದ್ದನ್ನು ಚೆಲ್ಲುವುದೆಲ್ಲಿ? ಅದನ್ನೂ ಸಂಜೆ ಗಿಡಕ್ಕೇ ಹಾಕಿದೆ. ಹೀಗೆ ಒಂದೇ ತೀರ್ಥ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಿರುಗುತ್ತ, ಗಿಡ ಒಣಗಿದ ಗಳಿಗೆಯೇ ಇರಲಿಲ್ಲ.

ಯಜಮಾನರು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವರು, ಸಂಜೆ ರೇಡಿಯೋದ ರೈತರ ಕಾರ್ಯಕ್ರಮ ತಪ್ಪಿಸದವರು. ಅವರು ನನಗೆ ತಿಳಿಯದಂತೆ ಜೇಬಿನಲ್ಲಿ ಸರಕಾರಿ ಗೊಬ್ಬರ, ಎಂದರೆ ಯೂರಿಯಾ, ತಂದು ಬೇರಿಗೆ ಉದುರಿಸುತ್ತಿದ್ದರು. ಅತ್ತೆಯವರು ಮೊಣಕಾಲು ನೋವಿನಿಂದ ಸ್ಟೂಲು ಹತ್ತಲಾರದೆ, ಅಕ್ಕಿ ತೊಳೆದ ನೀರನ್ನು ಕೆಳಗಿನಿಂದಲೇ ಚೊಂಬಿನಲ್ಲಿ ಎರಚುತ್ತಿದ್ದರು. ಅರ್ಧ ಗಿಡಕ್ಕೆ, ಅರ್ಧ ಒಣಹಾಕಿದ ಸೀರೆಗೆ.

ಚಳಿಗಾಲ ಕಳೆಯುವಷ್ಟರಲ್ಲಿ ಎಲೆ ಹಳದಿಯಾಯಿತು. ಬೇರು ಕರ್ರಗಾಗಿ ಹುಳಿ ಮೊಸರಿನ ವಾಸನೆ. ಕೆಂಜಿರುವೆಗಳು ಸಾಲುಗಟ್ಟಿ ಪಂಕ್ತಿ ಊಟಕ್ಕೆ ಬಂದವು. "ಇದು ಇನ್ನ ಉಳಿಯೂದಿಲ್ಲ ಬಿಡು. ಅಕ್ಕನ ಮುಂದ ಏನ ಹೇಳ್ತಿ?" ಎಂದು ಯಜಮಾನರು ನನ್ನನ್ನೇ ಕೇಳಿದರು, ಜೇಬಿನ ಮಾತೆತ್ತದೆ. ನಾನು ದೇವಿಗೆ ಎರಡು ಎಣ್ಣೆ ದೀಪ ಹೆಚ್ಚು ಹಚ್ಚಿ, ತೀರ್ಥವನ್ನೂ ಒಂದು ತಂಬಿಗೆ ಹೆಚ್ಚಿಸಿದೆ.

ಅಷ್ಟರಲ್ಲಿ ರಟ್ಟೀಹಳ್ಳಿಯ ತವರಿನಲ್ಲಿ ತಂಗಿಗೆ ಹೆರಿಗೆ. ಯುಗಾದಿ ಮುಗಿಸಿ ಬಾಣಂತನಕ್ಕೆ ಹೊರಟೆ. ಹೋಗುವಾಗ ಇಬ್ಬರಿಗೂ ಗಿಡಕ್ಕೆ ತೀರ್ಥ ತಪ್ಪಿಸಬೇಡಿ ಎಂದು ಕೈಮುಗಿದು ಹೇಳಿದ್ದೆ. ಅಲ್ಲಿ ಕೂಸಿಗೆ ಎಣ್ಣೆ ತಿಕ್ಕುವಾಗಲೂ ನನಗೆ ಆ ಕರಿ ಬೇರಿನದೇ ಚಿಂತೆ.

ಜೂನ್ ಮೊದಲಿಗೆ ಮಿರಗದ, ಎಂದರೆ ಮೃಗಶಿರಾ, ಮಳೆ ಕೂಡುವ ಹೊತ್ತಿಗೆ ಮರಳಿ ಬಂದೆ. ಚೀಲ ಕೆಳಗಿಡದೆ ಹಿತ್ತಲಿಗೆ ಓಡಿದರೆ, ಹಳೆಯ ಕರಿ ಬೇರಿನ ಪಕ್ಕದಲ್ಲಿ ಬೆಳ್ಳಗಿನ ಹೊಸ ಬೇರು, ಎಲೆಯ ಸಂದಿಯಿಂದ ತಿಳಿಗುಲಾಬಿ ಬಣ್ಣದ ದಂಡೆ! ಕಣ್ಣಲ್ಲಿ ನೀರು ಬಂತು.

"ಏನ ಹಾಕಿದ್ರೀ?" ಎಂದೆ ಯಜಮಾನರಿಗೆ.

"ನಾ ಎಲ್ಲಿ ಹಾಕೇನಿ? ಅವ್ವ ಹಾಕ್ತಾಳಂತ ಸುಮ್ನಿದ್ದೆ."

"ನನ್ನ ಮೊಣಕಾಲಿಗೆ ಸ್ಟೂಲ ಹತ್ತೂದಾಗ್ತೈತೇನೋ?" ಎಂದರು ಅತ್ತೆಯವರು. "ತೀರ್ಥ, ಅಕ್ಕಿ ತೊಳದ ನೀರು ಎಲ್ಲಾ ತೆಂಗಿನ ಬುಡಕ ಹಾಕಿದೆ. ಗಿಡದ ಕಡೆ ನೀ ನೋಡ್ತಿ ಅಂದ್ಕೊಂಡಿದ್ದೆ."

ಅಂದರೆ ಬೇಸಿಗೆಯ ಅಡ್ಡಮಳೆಯ ಎರಚಲು ಬಿಟ್ಟರೆ ಅದಕ್ಕೆ ಯಾರೂ ಏನೂ ಕೊಟ್ಟಿರಲಿಲ್ಲ.

ಹೇಳಿದಂತೆ ಅಕ್ಕ ಬಂದರು. ದಂಡೆಯನ್ನು ಅಂಗೈಯಲ್ಲಿ ಹಿಡಿದು, "ಭೇಷ್ ಶಾಂತಾ! ನಮ್ಮ ಮರದಾಗೂ ಇಷ್ಟುದ್ದ ಬಿಟ್ಟಿಲ್ಲ. ಏನ ಮಾಡಿದಿ, ನನಗೂ ಹೇಳು" ಎಂದರು. ನಾನು ಪಂಚಾಮೃತದಿಂದ ಆರಂಭಿಸಲೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಅಡಕೆ ಕತ್ತರಿಸುತ್ತಲೇ ಹೇಳಿದರು:

"ಏನಿಲ್ಲವ್ವ, ತವರಮನಿಗೆ ಹೋಗಿದ್ಲು."

ಅಕ್ಕ ನಕ್ಕ ನಗೆಗೆ ಜಂತಿಯ ಗುಬ್ಬಿ ಹಾರಿಹೋಯಿತು. ದಂಡೆ ದೇವಿಯ ಕೊರಳಿಗೆ ಬಿತ್ತು, ಅಕ್ಕ ನನ್ನೊಡನೆ ಮಾತು ಬಿಡುವುದು ತಪ್ಪಿತು. ಎರಡೂ ದೊಡ್ಡ ಉಪಕಾರವೇ. ಅಂದಿನಿಂದ ಪ್ರತಿ ಯುಗಾದಿಗೆ ಅತ್ತೆಯವರು ಒಮ್ಮೆ ಜಂತಿಯ ಕಡೆ, ಒಮ್ಮೆ ನನ್ನ ಕಡೆ ನೋಡಿ, "ನಿಮ್ಮ ತಂಗಿ ಹೆಂಗದಾಳ? ಹೋಗಿ ಬರೂದಿಲ್ಲೇನ?" ಎಂದು ಕೇಳುತ್ತಾರೆ. ನಾನೂ ಚೀಲ ಕಟ್ಟುತ್ತೇನೆ. ದೇವಿಗೆ ದಂಡೆಯ ಸೇವೆ ನನ್ನಿಂದ ಒಂದು ವರ್ಷವೂ ತಪ್ಪಿಲ್ಲ. ರಟ್ಟೀಹಳ್ಳಿಯಲ್ಲಿ ಕುಳಿತೇ ಸಲ್ಲಿಸುತ್ತ ಬಂದಿದ್ದೇನೆ.