ಅತ್ತೆಯ ಹಿಡಿಗೆ ಎಷ್ಟು ಗ್ರಾಂ?

ಸರಕಾರ ಸೇರು-ಪಾವು ತೆಗೆದು ಕಿಲೋಗ್ರಾಂ ತಂದದ್ದು ಇಡೀ ದೇಶಕ್ಕಾಗಿ ಎಂದು ನೀವು ತಿಳಿದಿರಬಹುದು. ಬಂಟ್ವಾಳದ ನನ್ನ ಸೋದರಮಾವ ಹಾಗೆ ತಿಳಿದಿರಲಿಲ್ಲ. ಅದು ತಮ್ಮ ಅಡುಗೆಮನೆಗೇ ಬಂದ ಹುಕುಂ ಎಂದು ಅವರ ನಂಬಿಕೆ!

ಕಾರಣವಿತ್ತು. ಮಗಳ ಎರಡನೆಯ ಬಾಣಂತನಕ್ಕೆ ಅತ್ತೆ ಮೂಡಬಿದಿರೆಗೆ ಹೊರಡುವವರಿದ್ದರು. ಮಾವನಿಗೋ ಅತ್ತೆಯ ಸಾರಲ್ಲದೆ ಬೇರೆ ಸಾರು ಗಂಟಲಲ್ಲಿ ಇಳಿಯದು. ಮದುವೆ ಮನೆಯಲ್ಲೂ ಬರೀ ಮಜ್ಜಿಗೆಯಲ್ಲಿ ಊಟ ಮುಗಿಸುವ ಮನುಷ್ಯ. ಆದ್ದರಿಂದ ಅತ್ತೆಯ ಅಡುಗೆಯನ್ನು ಗ್ರಾಂ ಲೆಕ್ಕಕ್ಕೆ ಇಳಿಸಿ ತಾವೇ ಕಲಿಯುವುದೆಂದು ತೀರ್ಮಾನಿಸಿದರು.

ಮನೆಯಲ್ಲಿ ಅಕ್ಕಿ ಅಳೆಯುವ ಪುಟ್ಟ ಕುಡ್ತೆಯನ್ನು ಹಿಡಿದು ಮೊದಲು ಪೇಟೆಯ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಇದ್ದೆ ಎಂದೇ ನೆನಪು. ಆ ದಿನ ನಾನು ಮಂಗಳೂರಿನ ಕಾಲೇಜಿನಲ್ಲಿದ್ದೆ ಎಂದು ನನ್ನ ಡೈರಿ ಹೇಳುತ್ತದೆ. ಡೈರಿಗೆ ಈ ಮಾತುಗಳು ಕೇಳಿಸಿರಲಾರವು, ಆದ್ದರಿಂದ ನೆನಪನ್ನೇ ನಂಬುತ್ತೇನೆ.

“ಒಂದು ಕುಡ್ತೆಗೆ ಎಷ್ಟು ಗ್ರಾಂ?” ಮಾವ ಕೇಳಿದರು.

“ಯಾವುದರ ಕುಡ್ತೆ?” ಎಂದ ಅಂಗಡಿಯವನು.

“ಯಾವುದರದ್ದೂ ಅಲ್ಲ ಮಾರಾಯ. ಬರೀ ಕುಡ್ತೆ.”

“ಬರೀ ಕುಡ್ತೆಯಲ್ಲಿ ಗಾಳಿ ಉಂಟು. ಗಾಳಿ ನಾವು ಮಾರುವುದಿಲ್ಲ.”

ಅದೇ ಕುಡ್ತೆಯಲ್ಲಿ ಅಕ್ಕಿ ತೂಗಿಸಿದರು, ಉಪ್ಪು ತೂಗಿಸಿದರು, ಅರಳು ತೂಗಿಸಿದರು. ಮೂರಕ್ಕೂ ಮೂರು ತೂಕ! ಪಾತ್ರೆ ಒಂದೇ, ತೂಕ ಬೇರೆ ಎಂದರೆ ಏನರ್ಥ? ಅಂಗಡಿಯವನು ಮೋಸಗಾರ ಎಂದರ್ಥ. ಮಾವ ಹೊಸ ತಕ್ಕಡಿಯನ್ನೇ ಕೊಂಡು ಮನೆಗೆ ತಂದರು. ಅದೂ ಅಂಗಡಿಯವನ ಪಕ್ಷ ಸೇರಿತು.

ದೊಡ್ಡ ತೊಡಕು ಬೇರೆಯೇ ಇತ್ತು. ಅತ್ತೆಗೆ ಕುಡ್ತೆ ಬೇಕಾದದ್ದು ಅಕ್ಕಿಗೆ ಮಾತ್ರ, ಉಳಿದದ್ದೆಲ್ಲ ಕೈಯಳತೆ. ಅವರು ಒಂದು ಹಿಡಿ ಕೊತ್ತಂಬರಿ ಕಾಳನ್ನು ಬಾಣಲೆಗೆ ಹಾಕುವಷ್ಟರಲ್ಲಿ ಮಾವ ಆ ಕೈಯನ್ನು ನಡುದಾರಿಯಲ್ಲೇ ಹಿಡಿದು ತಕ್ಕಡಿಗೆ ಸುರಿಸುತ್ತಿದ್ದರು. ಬಾಣಲೆ ಹೊಗೆಯಾಡುತ್ತಿತ್ತು.

“ನಿನ್ನೆ ಇಷ್ಟು ಇರಲಿಲ್ಲ. ಕೈಯನ್ನು ಒಂದೇ ಹದದಲ್ಲಿ ಇಡ್ಲಿಕ್ಕೆ ಆಗುವುದಿಲ್ವಾ ನಿನಗೆ?”

“ನೀವು ದಿನಾ ಒಂದೇ ಹಸಿವು ತನ್ನಿ. ನಾನು ಒಂದೇ ಹಿಡಿ ಹಾಕ್ತೇನೆ.”

ಕೊನೆಗೆ, ಹೊರಡುವ ದಿನ ಬೆಳಗ್ಗೆ ತೆಗೆದ ಹಿಡಿಯೇ ಪ್ರಮಾಣ ಎಂದಾಯಿತು. ಹಿತ್ತಾಳೆಯ ತೂಕದ ಬಟ್ಟು ಯಾವುದೂ ಅದಕ್ಕೆ ಸರಿಹೊಂದಲಿಲ್ಲ. ಮಾವ ನೇತ್ರಾವತಿಗೆ ಇಳಿದು, ಪಂಚೆಯ ಮಡಿಲ ತುಂಬ ಕಲ್ಲು ಹೆಕ್ಕಿ ತಂದು, ಒಂದೊಂದಾಗಿ ಇಟ್ಟು ನೋಡಿದರು. ಒಂದು ಕರಿಯ ಕಲ್ಲಿಗೆ ತಕ್ಕಡಿ ಸಮ ನಿಂತಿತು. ಅಷ್ಟರಲ್ಲಿ ಬಸ್ಸು ಹೋಗಿತ್ತು.

“ಒಳ್ಳೇದಾಯ್ತು. ಇವತ್ತೂ ಸಾರು ನೀನೇ ಮಾಡು” ಎಂದರು ಮಾವ.

ಮರುದಿನ ಹೋದ ಅತ್ತೆ ಬಾಣಂತನ ಮುಗಿಸಿ ಬರುವಾಗ, ಕಲ್ಲಿನ ಅಳತೆಯ ಸಾರೂ ಗಂಟಲಲ್ಲಿ ಇಳಿಯದೆ ಮಾವ ಅರ್ಧಕ್ಕೆ ಇಳಿದಿದ್ದರು. ಅವರನ್ನು ಯಾರೂ ತೂಗಲಿಲ್ಲ. ಕಲ್ಲು ಮೂಲೆ ಸೇರಿತು.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಹದಿಮೂರನೆಯ ದಿನದ ಕರ್ಮ ಕಳೆದು ನಾನು ಹೋದೆ. ಈ ಒಂದು ವಿಷಯದಲ್ಲಿ ಡೈರಿಗೂ ನೆನಪಿಗೂ ಜಗಳವಿಲ್ಲ. ಅಡುಗೆಮನೆಯಲ್ಲಿ ಮಗಳು ಸಾರಿಗೆ ಹಿಡಿ ಕೊತ್ತಂಬರಿ ತೆಗೆದಿದ್ದಳು. ಮಾವ ಅವಳ ಕೈಯನ್ನು ನಡುದಾರಿಯಲ್ಲಿ ಹಿಡಿದು ತಕ್ಕಡಿಗೆ ಸುರಿಸಿದರು. ಇನ್ನೊಂದು ತಟ್ಟೆಯಲ್ಲಿ ಆ ಕರಿಯ ಕಲ್ಲಿತ್ತು.

ನಗಿಸಲೆಂದು ಕೇಳಿದೆ: “ಎಷ್ಟು ಗ್ರಾಂ, ಮಾವ?”

“ಗ್ರಾಂ ಗೊತ್ತಿಲ್ಲ ಮಾರಾಯ. ನಿನ್ನ ಅತ್ತೆಯ ಕೈ ಇಷ್ಟು.”

ಮಗಳ ತಟ್ಟೆ ತುಸು ಮೇಲೆಯೇ ನಿಂತಿತ್ತು. ಅವಳು ಡಬ್ಬಿಗೆ ಕೈ ಹಾಕಿ ಇನ್ನು ನಾಲ್ಕು ಕಾಳು ಹಾಕಿದಳು.