ಅತ್ತೆಯ ಹುಲ್ಲಿನ ಲೆಕ್ಕ

ನಮ್ಮ ಸೋದರತ್ತೆಗೆ ಮನುಷ್ಯರಿಗಿಂತ ಹುಲ್ಲಿನ ಮೇಲೆ ನಂಬಿಕೆ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ! ಆ ಹುಲ್ಲಿನ ದೆಸೆಯಿಂದಲೇ ನಾನು ಹದಿನಾರಕ್ಕೆ ಮದುವೆಯಾಗದೆ ಉಳಿದುಕೊಂಡೆ.

ಎಪ್ಪತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದಿದ್ದೆ. ಅಪ್ಪ ಆಗಲೇ ಕೆಂಗೇರಿಯ ಕಡೆ ಗಂಡು ಹುಡುಕತೊಡಗಿದ್ದರು. ರಾಜಾಜಿನಗರದಲ್ಲಿ ಒಬ್ಬರೇ ಇದ್ದುಕೊಂಡು ಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಅತ್ತೆ, ಸೆಪ್ಟೆಂಬರ್ ಪರೀಕ್ಷೆಯವರೆಗೆ ತಮ್ಮ ಹತ್ತಿರ ಇರಲಿ ಎಂದು ನನ್ನನ್ನು ಕರೆದೊಯ್ದರು.

ಹೋದ ದಿನವೇ ಪುಸ್ತಕ ಕೊಟ್ಟರೇ? ಕುಡುಗೋಲು ಕೊಟ್ಟರು! ಪಕ್ಕದ ಖಾಲಿ ಸೈಟಿನಲ್ಲಿ ಅವರು ನೇಪಿಯರ್ ಹುಲ್ಲು ಬೆಳೆಸಿದ್ದರು. ಒಮ್ಮೆ ನೆಟ್ಟರೆ, ಕೊಯ್ದಷ್ಟೂ ವರ್ಷಗಟ್ಟಲೆ ಚಿಗುರುವ ಆಳೆತ್ತರದ ಮೇವು. ನಾಲ್ಕು ಪಾತಿ, ಒಂದೊಂದಕ್ಕೂ ರಟ್ಟಿನ ಫಲಕ: ‘ಏನೂ ಇಲ್ಲ’, ‘ಒಂದು ಚಮಚ’, ‘ಎರಡು ಚಮಚ’, ‘ನಾಲ್ಕು ಚಮಚ’. ಬುಡಕ್ಕೆ ಹಾಕಿದ ಯೂರಿಯಾದ ಲೆಕ್ಕ ಅದು. ಕೊಯ್ದದ್ದನ್ನು ಸೌದೆ ಡಿಪೋದಿಂದ ಬೇಡಿ ತಂದ ತಕ್ಕಡಿಯಲ್ಲಿ ತೂಗಿ, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುವುದು ನನ್ನ ಪಾಲಿನ ಕೆಲಸ. ಮೊದಲ ಚಮಚಕ್ಕೆ ಗೆರೆ ಜಿಗಿಯುತ್ತಿತ್ತು, ಎರಡನೆಯದಕ್ಕೆ ಏದುಸಿರು ಬಿಡುತ್ತಿತ್ತು, ನಾಲ್ಕಕ್ಕೆ ಚಾಪೆ ಹಾಸಿ ಮಲಗುತ್ತಿತ್ತು.

ಈ ನಿಯಮವನ್ನು ಹುಲ್ಲಿಗಷ್ಟೇ ಬಿಟ್ಟಿದ್ದರೆ ಸರಿ! ಬೈಗುಳ ಒಂದೇ, ಎರಡನೆಯದು ದಂಡ. ಅನ್ನಕ್ಕೆ ತುಪ್ಪವೂ ಒಂದೇ ಚಮಚ, ಎರಡನೆಯದು ಮೈಗೆ ಹತ್ತುವುದಿಲ್ಲವಂತೆ.

ತೂಗಿದ ಹುಲ್ಲೆಲ್ಲ ಹಾಲಿನ ಗೌರಮ್ಮನಿಗೆ. ಆಕೆ ಕುರುಬರಹಳ್ಳಿಯಿಂದ ಹಸು ಹೊಡೆದುಕೊಂಡು ಬಂದು ಬಾಗಿಲಲ್ಲೇ ಕರೆದುಕೊಡುತ್ತಿದ್ದಳು. “ಮೇಡಮ್ಮೋರೆ, ಹಸೀಗೆ ಲೆಕ್ಕ ಬರಾಕಿಲ್ಲ, ಹೊಟ್ಟೆ ತುಂಬುದ್ರೆ ಸಾಕು” ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಹಸು ತಾನೇ ನುಗ್ಗಿ ‘ಎರಡು ಚಮಚ’ದ ಅರ್ಧ ಪಾತಿಯನ್ನೂ, ಜೊತೆಗೆ ಫಲಕವನ್ನೂ ಮೇಯ್ದುಬಿಟ್ಟಿತು. ಗೌರಮ್ಮ ಹಗ್ಗ ಹಿಡಿದೆಳೆದು, ತಪ್ಪಾಯಿತೆಂದು ಕೈಮುಗಿದಳು. ಅತ್ತೆ ಅವಳನ್ನು ಬೈಯಲಿಲ್ಲ. ನನ್ನತ್ತ ತಿರುಗಿ, ಉಳಿದದ್ದನ್ನು ತೂಗಿ, ಹಿಂದಿನ ಕೊಯ್ಲಿನ ತೂಕದಲ್ಲಿ ಕಳೆದು, ತಿಂದದ್ದೆಷ್ಟೆಂದು ಹೇಳು ಎಂದರು. ವರ್ಷವಿಡೀ ಕರಿಹಲಗೆಯ ಮೇಲೆ ಹುಡುಕಿ ಸಿಗದಿದ್ದ ಆ ಎಕ್ಸ್ ಎಲ್ಲಿತ್ತು ಗೊತ್ತೇ? ಗೌರಮ್ಮನ ಹಸುವಿನ ಹೊಟ್ಟೆಯಲ್ಲಿ!

ಆಗಸ್ಟ್ ಕೊನೆಗೆ ಅಪ್ಪ ಬಂದರು. ಹಿಂದಿನ ದಿನವಷ್ಟೇ ಹುಲ್ಲು ಕೊಯ್ದು ಬರೀ ಕೂಳೆ ನಿಂತಿತ್ತು. ಅತ್ತೆ ಬಗ್ಗಿ ಅದಕ್ಕೆ ಯೂರಿಯಾ ಹಾಕುತ್ತಿದ್ದರು.

“ಬೋಳು ಬುಡಕ್ಕೆ ಯಾಕಕ್ಕಾ ಸುರೀತೀಯ? ಇವಳ ಕತೇನೂ ಅಷ್ಟೇ. ಶುಕ್ರವಾರ ಗಂಡಿನೋರು ಬರ್ತಾರೆ, ಕಳಿಸಿಕೊಡು” ಎಂದರು ಅಪ್ಪ.

ನನ್ನ ಕೈಯಲ್ಲಿದ್ದ ನೀರಿನ ಕೊಡ ಅಲ್ಲೇ ನಿಂತಿತು.

ಅತ್ತೆ ತಲೆಯೆತ್ತಲಿಲ್ಲ. “ಗೊಬ್ಬರ ಹಾಕೋದೇ ಕೊಯ್ದ ಮೇಲೆ ಕಣೋ. ಬೇರು ಗಟ್ಟಿ ಇದೆ. ಪರೀಕ್ಷೆ ಮುಗೀಲಿ, ಆಮೇಲೆ ಬಾ.”

ಅಪ್ಪ ಕಾಫಿ ಕುಡಿದು ಬಸ್ಸು ಹಿಡಿದರು. ನಾನು ಪಾಸಾದೆ, ಮುಂದೆ ಓದಿದೆ, ಮದುವೆಯೂ ಆಯಿತು, ನನಗೆ ಬೇಕೆನಿಸಿದಾಗ. ಆದರೆ ಮನಸ್ಸಿನಲ್ಲಿ ಉಳಿದಿರುವುದು ಅಪ್ಪ ಬಸ್ಸು ಹಿಡಿದ ಆ ಮಧ್ಯಾಹ್ನದ ಊಟ. ಅತ್ತೆ ನನ್ನ ಅನ್ನಕ್ಕೆ ಒಂದು ಚಮಚ ತುಪ್ಪ ಬಡಿಸಿದರು. ಒಂದು ಗಳಿಗೆ ನಿಂತರು. ಇನ್ನೊಂದು ಬಡಿಸಿದರು.

“ಅತ್ತೆ, ಎರಡನೇದು ದಂಡ ಅಲ್ವಾ?” ಎಂದೆ.

“ಗೊತ್ತು. ತಿನ್ನು” ಎಂದರು.